ನೆಲಕ್ಕುರುಳಿದ ನೀಳಕಾಯನ ಎದುರು

ದೇಹಬಲದ ಸ್ಪರ್ಧೆಯು ವಿಶ್ವಾಸಿಗಳಿಗೆ ಅಪರಿಚಿತವಾದ ವಿಷಯವೇನಲ್ಲ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 9ನೆಯ ಅಧ್ಯಾಯದಲ್ಲಿ ಓಟಗಾರನನ್ನೂ ಮುಷ್ಟಿಕಾಳಗದವನನ್ನೂ ದೃಷ್ಟಾಂತವಾಗಿ ತರುತ್ತಾರೆ. ಆ ಪಟ್ಟಣದ ಸಮೀಪದಲ್ಲಿಯೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡೆಗಳು ಜರುಗುತ್ತಿದ್ದುದರಿಂದ ಅಲ್ಲಿಯ ಜನರಿಗೆ ಆ ಮಾತು ಕೂಡಲೇ ಅರ್ಥವಾಗಿರಬೇಕು. ಈಗ ನಮ್ಮ ಮನೆಗಳ ಹುಡುಗರು ಫೋನಿನ ಪರದೆಯಲ್ಲಿ ನೋಡಿ ಬೆರಗಾಗುವ ಕಾಳಗವೇ ಬೇರೆ: ಮಿಕ್ಸೆಡ್ ಮಾರ್ಷಲ್ ಆರ್ಟ್ಸ್. ಅದನ್ನು ಕಲಿಯುತ್ತೇನೆಂದು ಮಗನು ಹಟ ಹಿಡಿದಾಗ ತಂದೆತಾಯಿಗಳು ಏನು ಹೇಳಬೇಕು? ಹೊರಗಿನಿಂದ ನೋಡಿ ತೀರ್ಪು ಕೊಡುವ ಮೊದಲು ಅದರ ಒಂದು ಸಮಸ್ಯೆಯನ್ನಾದರೂ ಒಳಹೊಕ್ಕು ನೋಡುವುದು ಒಳ್ಳೆಯದು.

ನಮ್ಮ ಗರಡಿಯ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿ ಚಿತ್ ಆದವನು ಸೋತವನು. ಈ ಕಾಳಗದಲ್ಲಿ ಹಾಗಲ್ಲ. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ನಡೆದ ಮೊದಲ ಯು.ಎಫ್.ಸಿ. ಪಂದ್ಯಾವಳಿಯನ್ನು ಗೆದ್ದ ಬ್ರೆಜಿಲಿನ ತೆಳ್ಳನೆಯ ಮೈಕಟ್ಟಿನ ರಾಯ್ಸ್ ಗ್ರೇಸಿ, ಜಿಯು-ಜಿತ್ಸು ವಿದ್ಯೆಯ ಪಟ್ಟುಗಳಿಂದ ಎದುರಾಳಿಗಳನ್ನು ಶರಣಾಗಿಸಿದರು. ಈ ವಿದ್ಯೆಯಲ್ಲಿ ಅಂಗಾತ ಮಲಗಿದವನೂ ಅಪಾಯಕಾರಿ. ಮೇಲಿರುವವನ ಸೊಂಟವನ್ನು ತನ್ನ ಎರಡು ಕಾಲುಗಳ ನಡುವೆ ಹಿಡಿದಿಟ್ಟುಕೊಂಡು ಅವನು ಕಾಯುತ್ತಾನೆ. ಈ ಭಂಗಿಗೆ ಗಾರ್ಡ್ ಎಂದು ಹೆಸರು.

ಕೆಳಗಿರುವವನು ನೀಳಕಾಯನಾದರೆ ಸಮಸ್ಯೆ ಇಮ್ಮಡಿಯಾಗುತ್ತದೆ. ಎದುರಾಳಿಯ ಕತ್ತನ್ನೂ ಒಂದು ತೋಳನ್ನೂ ಸೇರಿಸಿ ಕಾಲುಗಳಿಂದ ತ್ರಿಕೋನಾಕಾರವಾಗಿ ಬಿಗಿಯುವ ಪಟ್ಟಿನಲ್ಲಿ ಕತ್ತಿನ ಎರಡೂ ಪಕ್ಕದ ರಕ್ತನಾಳಗಳು ಅದುಮಿ, ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಗಿಡ್ಡ ಕಾಲಿನವನು ಹೆಣಗಿ ಹಾಕಬೇಕಾದ ಆ ಬೀಗವನ್ನು ಉದ್ದ ಕಾಲಿನವನು ಅನಾಯಾಸವಾಗಿ ಹಾಕುತ್ತಾನೆ.

ರಷ್ಯದ ಫೆಡರ್ ಎಮಿಲಿಯಾನೆಂಕೊ ಅವರ ಕ್ರೀಡಾಜೀವನದಲ್ಲಿ ಇದರ ಎರಡೂ ಮುಖಗಳಿವೆ. ಆರ್ಥೊಡಾಕ್ಸ್ ಧರ್ಮಸಭೆಯ ನಿಷ್ಠಾವಂತ ವಿಶ್ವಾಸಿಯಾದ ಇವರ ಎತ್ತರ ಸುಮಾರು 182 ಸೆಂಟಿಮೀಟರ್. 2003ರ ಮಾರ್ಚ್ 16ರಂದು ಯೊಕೊಹಾಮಾದಲ್ಲಿ ಇವರು ತಮಗಿಂತ ಎತ್ತರದ, ಶರಣಾಗತಿಯ ಪಟ್ಟುಗಳಿಗೆ ಹೆಸರಾದ ಬ್ರೆಜಿಲಿನ ಆಂಟೋನಿಯೊ ರೊಡ್ರಿಗೊ ನೊಗೈರಾ ಅವರನ್ನು ಎದುರಿಸಿದರು. ಇತರರು ಅಂಜುತ್ತಿದ್ದ ಆ ಗಾರ್ಡಿನ ಒಳಗೇ ಇದ್ದು, ತೋಳು ಕತ್ತುಗಳನ್ನು ಕಾಪಾಡಿಕೊಂಡು, ಮೇಲಿನಿಂದ ಹೊಡೆದು ತೀರ್ಪುಗಾರರ ನಿರ್ಣಯದಲ್ಲಿ ಗೆದ್ದರು. 2004ರ ಡಿಸೆಂಬರ್ 31ರಂದು ಮತ್ತೆ ಎದುರಾದಾಗ ಉಪಾಯ ಬೇರೆ. ಹೆಚ್ಚಿನ ಹೊತ್ತು ನಿಂತೇ ಹೋರಾಡಿ ಗೆದ್ದರು.

ಆದರೆ 2010ರ ಜೂನ್ 26ರಂದು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ಎದುರಿಗಿದ್ದವರು 193 ಸೆಂಟಿಮೀಟರ್ ಎತ್ತರದ ಫ್ಯಾಬ್ರಿಸಿಯೊ ವೆರ್ದುಮ್. 2007 ಮತ್ತು 2009ರಲ್ಲಿ ಶರಣಾಗತಿ ಕುಸ್ತಿಯ ಜಗತ್ಪ್ರಸಿದ್ಧ ಎ.ಡಿ.ಸಿ.ಸಿ. ಸ್ಪರ್ಧೆಯಲ್ಲಿ ತಮ್ಮ ತೂಕದ ವರ್ಗವನ್ನು ಗೆದ್ದವರು. ಆರಂಭದ ಹೊಡೆತಗಳಿಗೆ ವೆರ್ದುಮ್ ನೆಲಕ್ಕುರುಳಿದರು. ಸುಮಾರು ಹತ್ತು ವರ್ಷ ಸೋಲನ್ನೇ ಕಾಣದಿದ್ದ ಫೆಡರ್ ಅವರ ಮೇಲೆ ಎರಗಿದರು. ಕಾಲುಗಳು ಕತ್ತನ್ನು ಸುತ್ತಿದವು, ತೋಳು ಸೆರೆಯಾಯಿತು. ಒಂದು ನಿಮಿಷ ಒಂಬತ್ತು ಸೆಕೆಂಡಿಗೆ ಫೆಡರ್ ಅಂಗೈ ತಟ್ಟಿ ಶರಣಾದರು. ಬಿದ್ದವನನ್ನು ಬಿಟ್ಟು ಹಿಂದೆ ಸರಿದಿದ್ದರೆ ರೆಫರಿಯೇ ವೆರ್ದುಮ್ ಅವರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು!

ಇಂಥವರಿಗಾಗಿ ಸಿದ್ಧತೆಯು ಬಲವನ್ನು ಬೆಳೆಸುವುದಕ್ಕಿಂತ ಅಭ್ಯಾಸದ ಜೊತೆಗಾರನನ್ನು ಆರಿಸುವುದರಿಂದ ತೊಡಗುತ್ತದೆ. ಉದ್ದ ಕೈಕಾಲಿನ ಜೊತೆಗಾರನೊಡನೆ ವಾರಗಟ್ಟಲೆ ಉರುಳಾಡದೆ, ಆ ಕಾಲು ಎಲ್ಲಿಂದ ಬರುತ್ತದೆಂಬುದು ಮೈಗೆ ತಿಳಿಯದು. ಗಾರ್ಡಿನೊಳಗೆ ಸಿಕ್ಕಿದಾಗ ಬೆನ್ನು ನೆಟ್ಟಗಿರಬೇಕು, ತಲೆ ಮೇಲಿರಬೇಕು, ಮೊಣಕೈಗಳು ಪಕ್ಕೆಗೆ ಅಂಟಿರಬೇಕು. ಎರಡೂ ಕೈ ಕಾಲುಗಳ ಒಳಗಿರಲಿ ಅಥವಾ ಎರಡೂ ಹೊರಗಿರಲಿ. ಒಂದು ಒಳಗೆ, ಒಂದು ಹೊರಗೆ ಆಯಿತೆಂದರೆ ತ್ರಿಕೋನಕ್ಕೆ ಬಾಗಿಲು ತೆರೆದಂತೆ. ಎದುರಾಳಿಯ ಕಾಲು ಹಿಡಿಯಲು ನುಗ್ಗುವಾಗ ತಲೆ ತಗ್ಗಿದರೆ ಉದ್ದ ತೋಳು ಕತ್ತಿಗೆ ಬೀಳುತ್ತದೆ. ಬೀಗ ಬಿದ್ದ ಮೇಲೆ ಕೊಸರಾಡುವುದಕ್ಕಿಂತ ಬೀಳುವ ಮುನ್ನವೇ ಬಿಡಿಸಿಕೊಳ್ಳುವುದನ್ನು ಕಲಿಯಬೇಕು.

ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಅಂಗೈ ತಟ್ಟುವುದು. ಜೊತೆಗಾರನ ಮೈಯನ್ನು ಎರಡು ಮೂರು ಬಾರಿ ತಟ್ಟಿದೊಡನೆ ಅವನು ಪಟ್ಟನ್ನು ಸಡಿಲಿಸಲೇಬೇಕು. ಅಭಿಮಾನದಿಂದ ತಟ್ಟದೆ ಉಳಿದವನ ಮೊಣಕೈ ಕೀಲು ಹರಿಯಬಹುದು. ತಟ್ಟಿದರೂ ಬಿಡದವನೊಡನೆ ಯಾರೂ ಅಭ್ಯಾಸ ಮಾಡುವುದಿಲ್ಲ. ವ್ಯಾಟಿಕನ್ 2018ರ ಜೂನ್‌ನಲ್ಲಿ ಹೊರಡಿಸಿದ ಕ್ರೀಡೆಯ ಕುರಿತ ದಾಖಲೆಯು, ಶರೀರಕ್ಕೆ ಗಂಭೀರ ಹಾನಿಯನ್ನು ಅನಿವಾರ್ಯವಾಗಿ ತರುವ ಕ್ರೀಡೆಯನ್ನು ನೈತಿಕವಾಗಿ ಸಮರ್ಥಿಸಲಾಗದೆಂದು ಹೇಳುತ್ತದೆ. ಈ ಅಳತೆಗೋಲಿನಿಂದ ನೋಡಿದರೆ, ಹಾನಿಯಾಗುವ ಮೊದಲೇ ಶರಣಾಗಿ ಎದ್ದು ಕೈಕುಲುಕಬಹುದಾದ ಪಟ್ಟುಗಳ ವಿದ್ಯೆಗೂ ತಲೆಗೆ ಬೀಳುವ ಗುದ್ದುಗಳಿಗೂ ಅಂತರವಿದೆ. ಮೊದಲನೆಯದನ್ನು ಹುಡುಗನು ಕಲಿಯಲಿ. ಎರಡನೆಯದಕ್ಕೆ ತಂದೆತಾಯಿಗಳು ಬೇಡವೆಂದರೆ ಅದು ಹೇಡಿತನವಲ್ಲ ಎಂಬುದು ನನ್ನ ಅಭಿಪ್ರಾಯ. ಸೇರಿಸುವ ಮುನ್ನ ಒಂದು ಸಂಜೆ ಅಲ್ಲಿ ಕುಳಿತು, ತಟ್ಟಿದ ಕೂಡಲೇ ಕೈ ಬಿಡುತ್ತಾರೆಯೇ ಎಂದು ಕಣ್ಣಾರೆ ನೋಡಿ ಬರುವುದು ಶುಲ್ಕ ವಿಚಾರಿಸುವುದಕ್ಕಿಂತ ಮುಖ್ಯ.

ವೆರ್ದುಮ್ ಅವರ ಮುಂದಿನ ಕಥೆಯೂ ಸಿದ್ಧತೆಯದೇ. 2015ರ ಜೂನ್ 13ರಂದು ಸಮುದ್ರಮಟ್ಟದಿಂದ 2,200 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಮೆಕ್ಸಿಕೊ ನಗರದಲ್ಲಿ, ವಾರಗಟ್ಟಲೆ ಮುಂಚಿತವಾಗಿಯೇ ಎತ್ತರದ ಗಾಳಿಗೆ ಉಸಿರನ್ನು ಒಗ್ಗಿಸಿಕೊಂಡಿದ್ದ ಅವರು, ದಣಿದು ತಲೆ ತಗ್ಗಿಸಿ ನುಗ್ಗಿದ ಕೇನ್ ವೆಲಾಸ್ಕೆಸ್ ಅವರ ಕತ್ತನ್ನು ಹಿಡಿದು ವಿಶ್ವಪಟ್ಟವನ್ನು ತಮ್ಮದಾಗಿಸಿಕೊಂಡರು. ಮರುವರ್ಷ ಮೇ 14ರಂದು ಕುರಿಟಿಬಾದಲ್ಲಿ ಅದೇ ವೆರ್ದುಮ್, ಹಿಂದಕ್ಕೆ ಸರಿಯುತ್ತಿದ್ದ ಸ್ಟೀಪೆ ಮಿಯೊಸಿಚ್ ಎಂಬ ಓಹಾಯೊದ ಅಗ್ನಿಶಾಮಕ ಸಿಬ್ಬಂದಿಯ ಬೆನ್ನಟ್ಟಿ ಓಡಿ, ಒಂದೇ ಬಲಗೈ ಗುದ್ದಿಗೆ ಮೊದಲ ಸುತ್ತಿನಲ್ಲಿಯೇ ನೆಲ ಕಚ್ಚಿದರು.