ಸೂರಕ್ಕಿಯ ಬಣ್ಣ ಎಲ್ಲಿ ಹೋಯಿತು?

ಲಾಲ್‌ಬಾಗ್‌ನಲ್ಲಿ ತೆಗೆದ ಫೋಟೊ ಕಳಿಸಿ ಓದುಗರೊಬ್ಬರು ಕೇಳಿದ್ದಾರೆ: ‘ಕಣ್ಣಿಗೆ ಥಳಥಳ ನೇರಳೆಯಾಗಿ ಕಂಡ ಸೂರಕ್ಕಿ ಫೋಟೊದಲ್ಲಿ ಕಾಗೆಯಷ್ಟು ಕಪ್ಪು. ಕ್ಯಾಮೆರಾ ಬದಲಿಸಬೇಕೆ?’

ಬೇಡ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಸಾಕಿತ್ತು.

ಆ ಹಕ್ಕಿಯ ಗರಿಯಲ್ಲಿ ನೇರಳೆ ಬಣ್ಣದ ವಸ್ತುವೇ ಇಲ್ಲ. ಇರುವುದು ನಮ್ಮ ತಲೆಗೂದಲನ್ನು ಕಪ್ಪಾಗಿಸುವ ಮೆಲನಿನ್. ಹಾಗಾದರೆ ನೇರಳೆ ಎಲ್ಲಿಂದ ಬಂತು?

ಡಬಲ್ ಶೇಡ್ ರೇಷ್ಮೆ ಸೀರೆ ಕೊಳ್ಳುವವರನ್ನು ನೋಡಿ. ಅಂಗಡಿಯ ದೀಪವನ್ನು ನಂಬದೆ ಬಾಗಿಲ ಬಳಿ ತಂದು, ಸೆರಗನ್ನು ಬಿಸಿಲಿಗೆ ಅತ್ತಿತ್ತ ತಿರುಗಿಸುತ್ತಾರೆ. ಹಾಸಿನ ನೂಲು ಹಸಿರು, ಹೊಕ್ಕಿನದು ಕೆಂಪು. ಮಡಿಕೆ ತಿರುಗಿದಂತೆ ಒಮ್ಮೆ ಅದು, ಒಮ್ಮೆ ಇದು ಮಿಂಚುತ್ತದೆ. ಸೂರಕ್ಕಿಯದು ಇನ್ನೂ ಒಂದು ಕೈ ಮೇಲಿನ ನೇಯ್ಗೆ. ಅಲ್ಲಿ ನೂಲಿಗೆ ನೇರಳೆ ಬಣ್ಣ ಹಾಕಿಯೇ ಇಲ್ಲ. ಗರಿಯ ಎಳೆಗಳಲ್ಲಿ ಮೆಲನಿನ್ ಬಿಲ್ಲೆಗಳು ಪದರಪದರವಾಗಿ ಕೂತಿವೆ. ಪದರಗಳ ನಡುವಿನ ಅಂತರ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದೆರಡು ಭಾಗ. ಒಂದೊಂದು ಪದರವೂ ಒಂದಿಷ್ಟು ಬೆಳಕನ್ನು ವಾಪಸು ಕಳಿಸುತ್ತದೆ. ಸರಿಯಾದ ಕೋನದಲ್ಲಿ ನೇರಳೆಯ ಅಲೆಗಳು ಹೆಜ್ಜೆ ಕೂಡಿಸಿಕೊಂಡು ಹೊರಬರುತ್ತವೆ. ಕೋನ ತಪ್ಪಿತೋ, ಉಳಿಯುವುದು ಬರೀ ಕಪ್ಪು. ದಾಸವಾಳದ ಬುಡಕ್ಕೆ ಕೊಕ್ಕು ತೂರಿಸಿದ ಗಂಡು ಸೂರಕ್ಕಿ ಕತ್ತು ಹೊರಳಿಸುವುದನ್ನು ಗಮನಿಸಿ: ಕಪ್ಪು, ನೇರಳೆ, ನೀಲಿ, ಮತ್ತೆ ಕಪ್ಪು. ಎಲ್ಲ ಒಂದೇ ಕ್ಷಣದಲ್ಲಿ.

ಗರಿಯ ಬಣ್ಣ ಹೀಗೆ ರಚನೆಯ ಆಟವೆಂಬ ಸುಳಿವು ಹಳೆಯದು. ನವಿಲುಗರಿ ನೀರಲ್ಲಿ ನೆನೆದರೆ ಬಣ್ಣ ಕಳೆದುಕೊಳ್ಳುವುದನ್ನು ವಿಜ್ಞಾನಿ ರಾಬರ್ಟ್ ಹುಕ್ 1665ರಲ್ಲೇ ಬರೆದಿಟ್ಟಿದ್ದ. ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. 1934ರಲ್ಲಿ ಸಿ.ವಿ. ರಾಮನ್ ಇಲ್ಲಿ ಕೂತು ನೀಲಕಂಠದ ಗರಿಯನ್ನು ಪರೀಕ್ಷಿಸಿದರು. ಆಕಾಶದ ನೀಲಿಗೆ ಹೇಳುವ ಕಾರಣ ಈ ನೀಲಿಗೆ ಸಾಲದು ಎಂಬುದು ಅವರ ವಾದ. ಸಣ್ಣ ಕಣಗಳು ಬೆಳಕನ್ನು ಬೇಕಾಬಿಟ್ಟಿ ಚೆದುರಿಸುವುದಲ್ಲ, ಗರಿಯೊಳಗಿನ ಸ್ಪಂಜಿನಂಥ ರಚನೆಗೂ ಒಂದು ಅಚ್ಚುಕಟ್ಟಿದೆ ಎಂದು ಪಕ್ಷಿವಿಜ್ಞಾನಿ ರಿಚರ್ಡ್ ಪ್ರಮ್ ಮತ್ತು ಸಂಗಡಿಗರು ಬೇರೊಂದು ನೀಲಿ ಹಕ್ಕಿಯಲ್ಲಿ ತೋರಿಸಿದ್ದು 1998ರಲ್ಲಿ. ರಾಮನ್ನರ ಅನುಮಾನ ನಿಜವಾಗಲು ಅರವತ್ತನಾಲ್ಕು ವರ್ಷ ಬೇಕಾಯಿತು! ಆ ನೀಲಕಂಠವೇ ಇಂದು ಕರ್ನಾಟಕದ ರಾಜ್ಯಪಕ್ಷಿ.

ಈ ಸ್ಪಂಜಿನ ನೀಲಿ ಹೆಚ್ಚುಕಡಿಮೆ ಎಲ್ಲ ದಿಕ್ಕಿನಿಂದಲೂ ನೀಲಿಯೇ. ಆದ್ದರಿಂದ ಇದೇ ಬಗೆಯ ನೀಲಿಯ, ಕೆರೆ ದಂಡೆಯ ಮಿಂಚುಳ್ಳಿ ಫೋಟೊದಲ್ಲಿ ಅಷ್ಟಾಗಿ ಮೋಸ ಮಾಡುವುದಿಲ್ಲ. ಸತಾಯಿಸುವುದು ಸೂರಕ್ಕಿ.

ದುಬಾರಿ ಲೆನ್ಸಿನ ಜಾಹೀರಾತುಗಳು ಈ ಗುಟ್ಟು ಹೇಳುವುದಿಲ್ಲ. ಫೋಟೊ ಕಪ್ಪಾಯಿತೆಂದು ಕಂಪ್ಯೂಟರಿನಲ್ಲಿ ಬಣ್ಣ ತುಂಬಿದರೆ ಅದು ನಿಮ್ಮ ಬಣ್ಣ, ಹಕ್ಕಿಯದಲ್ಲ. ಬೆಳಗಿನ ಬಿಸಿಲು ಬೆನ್ನಿಗಿರಲಿ, ಹಕ್ಕಿ ತಿರುಗುವವರೆಗೆ ತಾಳ್ಮೆಯಿರಲಿ. ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯಬೇಡಿ. ಗಂಡು ಹೀಗೆ ಮೈತುಂಬ ಮಿಂಚುವುದು ಸಂತಾನದ ಕಾಲದಲ್ಲಿ. ಆಗ ಆ ಕೂಗು ಕೇಳಿದರೆ, ಎದುರಾಳಿ ಬಂದನೆಂದು ಅದು ಗೂಡಿನ ಕಡೆ ಗಮನ ಬಿಟ್ಟು ಜಗಳಕ್ಕೆ ನಿಲ್ಲುತ್ತದೆ.