ಹಂಟಿಂಗ್ಟನ್ ಕಾಯಿಲೆಗೆ ಮೆದುಳಿನ ಕಸಿ: ದುಡ್ಡು ಕಟ್ಟುವ ಮೊದಲು

ನಡುವಯಸ್ಸಿನಲ್ಲಿ ಕೈಕಾಲು ತಮ್ಮಷ್ಟಕ್ಕೆ ಕುಣಿಯತೊಡಗುತ್ತವೆ. ನಡಿಗೆ ತೂರಾಡುತ್ತದೆ. ಸಿಟ್ಟು, ಮಂಕು, ಮರೆವು ಜತೆಗೇ ಬರುತ್ತವೆ. ಊರವರು ಕುಡಿತ ಎನ್ನುತ್ತಾರೆ, ಇಲ್ಲವೇ ಗಾಳಿ ಸೋಕಿದೆ ಎನ್ನುತ್ತಾರೆ. ಅದೇ ಮನೆಯ ಅಪ್ಪನಿಗೋ ಅಜ್ಜಿಗೋ ಹೀಗೇ ಆಗಿದ್ದರೆ ಹಂಟಿಂಗ್ಟನ್ ಕಾಯಿಲೆ ಇರಬಹುದು.

ಇದು ವಂಶವಾಹಿಯ, ಅಂದರೆ ಜೀನಿನ ದೋಷ. ಆ ಜೀನ್ ಪತ್ತೆಯಾದದ್ದು 1993ರಲ್ಲಿ. ಅದರಲ್ಲಿ ‘ಸಿಎಜಿ’ ಎಂಬ ತುಣುಕು ಒಂದರ ಹಿಂದೊಂದು ಬರುತ್ತದೆ. 26 ಸಲದವರೆಗೆ ಬಂದರೆ ತೊಂದರೆಯಿಲ್ಲ. 40 ಮುಟ್ಟಿದರೆ ಕಾಯಿಲೆ ಒಂದಲ್ಲ ಒಂದು ದಿನ ಕಾಣಿಸಿಕೊಳ್ಳುತ್ತದೆ. ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಬರುವ ಸಾಧ್ಯತೆ ಅರ್ಧಕ್ಕರ್ಧ. ಚಲನೆಯನ್ನು ಹತೋಟಿಯಲ್ಲಿಡುವ ಸ್ಟ್ರಯೇಟಮ್ ಎಂಬ ಭಾಗ ಮೆದುಳಿನ ಆಳದಲ್ಲಿದೆ. ಮೊದಲು ಸಾಯುವುದು ಅಲ್ಲಿನ ನರಕೋಶಗಳು.

ಸತ್ತ ಕೋಶಗಳ ಜಾಗಕ್ಕೆ ಹೊಸವನ್ನು ಹಾಕಬಹುದೇ? ಕಸಿಯ ಯೋಚನೆ ಹುಟ್ಟಿದ್ದು ಇಲ್ಲಿಂದ. ಗರ್ಭಪಾತ ಮಾಡಿಸಿಕೊಂಡ ಮಹಿಳೆಯ ಒಪ್ಪಿಗೆ ಪಡೆದು, ಭ್ರೂಣದ ಮೆದುಳಿನಿಂದ ಎಳೆಯ ಕೋಶಗಳನ್ನು ತೆಗೆಯುತ್ತಾರೆ. ರೋಗಿಯ ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ, ಸೂಜಿಯ ಮೂಲಕ ಸ್ಟ್ರಯೇಟಮ್‌ಗೆ ಇಳಿಸುತ್ತಾರೆ. ದೇಹ ಆ ಕೋಶಗಳನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಕೊಡುತ್ತಾರೆ.

ಫಲ ಸಿಕ್ಕಿತೇ? ಫ್ರಾನ್ಸಿನ ಕ್ರೆತೈ ಪಟ್ಟಣದ ವೈದ್ಯರು ಐವರಿಗೆ ಹೀಗೆ ಮಾಡಿ, 2000ದಲ್ಲಿ ಮೂವರು ಸುಧಾರಿಸಿದ್ದಾರೆಂದು ಪ್ರಕಟಿಸಿದರು. ಆ ಸುದ್ದಿ ಜಗತ್ತಿನ ಎಷ್ಟೋ ಕುಟುಂಬಗಳಲ್ಲಿ ಆಸೆ ಹುಟ್ಟಿಸಿತು. ಆದರೆ ಕೆಲವು ವರ್ಷಗಳ ಬಳಿಕ ಆ ಲಾಭ ಕರಗಿತು. ಬೇರೊಂದು ಪ್ರಯೋಗದಲ್ಲಿ ಕಸಿ ಮಾಡಿಸಿಕೊಂಡು, ಸುಮಾರು ಹತ್ತು ವರ್ಷದ ನಂತರ ತೀರಿಕೊಂಡವರ ಮೆದುಳನ್ನು ಪರೀಕ್ಷಿಸಿದಾಗ ಕಸಿಯ ಕೋಶಗಳೂ ಹಾಳಾಗಿದ್ದವು. ಇದು 2009ರ ವರದಿ. ಅಣಬೆ ರೋಗದಿಂದ ಸತ್ತ ಅಡಿಕೆ ಮರದ ಗುಣಿಯಲ್ಲೇ ಹೊಸ ಸಸಿ ನೆಟ್ಟರೆ ಅದಕ್ಕೂ ಅದೇ ರೋಗ ತಗಲುತ್ತದೆಂದು ತರೀಕೆರೆ ಬಳಿಯ ಅಮೃತಾಪುರದ ಕಡೆಯ ತೋಟಗಾರರಿಗೆ ಹೇಳಬೇಕಿಲ್ಲ. 45 ಜನರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಕಸಿ ಆದವರಿಗೂ ಆಗದವರಿಗೂ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಖರ್ಚೆಷ್ಟು? ಇದು ಇನ್ನೂ ಚಿಕಿತ್ಸೆಯೇ ಅಲ್ಲ. ಆದ್ದರಿಂದ ಬೆಲೆಯೂ ಇಲ್ಲ. ‘ಸ್ಟೆಮ್ ಸೆಲ್’, ಅಂದರೆ ಮೂಲಕೋಶ, ಹಾಕಿ ವಾಸಿ ಮಾಡುತ್ತೇವೆಂದು ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಕೊಡಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ರಕ್ತ ಸಂಬಂಧಿ ಕಾಯಿಲೆಗಳಂಥ ಕೆಲವನ್ನು ಬಿಟ್ಟರೆ ಮೂಲಕೋಶ ಚಿಕಿತ್ಸೆಯನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಮಾಡಬಹುದು. ಅದಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ದಯವಿಟ್ಟು ತೋಟ ಅಡವಿಡಬೇಡಿ.

ಈಗ ನಿಜವಾಗಿ ಸಿಗುವ ನೆರವಿನ ಮಾತು. ಕುಣಿತ ತಗ್ಗಿಸಲು ಟೆಟ್ರಾಬೆನಜಿನ್ ಮಾತ್ರೆ ಇದೆ. ಅದು ಕೆಲವರಲ್ಲಿ ಖಿನ್ನತೆ ತರುತ್ತದೆ, ಹಾಗಾಗಿ ವೈದ್ಯರ ನಿಗಾ ಬೇಕೇ ಬೇಕು. ವ್ಯಾಯಾಮ, ನುಂಗಲು ಅನುಕೂಲವಾದ ಮೆತ್ತನೆಯ ಊಟ, ಮನೋವೈದ್ಯರ ಸಹಾಯ ಇವೂ ದೊಡ್ಡ ನೆರವೇ. ಕಾಯಿಲೆ ಮಾತ್ರ ಇವುಗಳಿಂದ ನಿಲ್ಲುವುದಿಲ್ಲ.

ಜೀನ್ ಪರೀಕ್ಷೆಗೆ ಸ್ವಲ್ಪ ರಕ್ತ ಸಾಕು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಈ ಪರೀಕ್ಷೆಯೂ ಆಪ್ತಸಮಾಲೋಚನೆಯೂ ಉಂಟು. ಬಿಪಿಎಲ್ ಕಾರ್ಡಿದ್ದರೆ ರಿಯಾಯಿತಿ ಕೇಳಿ. ಕಾಯಿಲೆಯ ಲಕ್ಷಣವೇ ಇಲ್ಲದ ಮಕ್ಕಳಿಗೆ ಪರೀಕ್ಷೆ ಮಾಡಿಸಬೇಡಿ. 18 ತುಂಬಿದ ಮೇಲೆ ಅವರೇ ನಿರ್ಧರಿಸಲಿ. ತಿಳಿಯದಿರುವ ಹಕ್ಕೂ ಅವರದೇ.

ಅಮೃತಾಪುರದವರು ಮೊದಲು ತರೀಕೆರೆಯ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಶಿಫಾರಸು ಪತ್ರ ಬರೆಸಿಕೊಳ್ಳಿ. ತರೀಕೆರೆಯಿಂದ ಬೆಂಗಳೂರಿಗೆ ರೈಲಿದೆ. ಹಳೆಯ ಚೀಟಿ, ಸ್ಕ್ಯಾನ್‌ಗಳ ಜತೆಗೆ ಒಂದು ಹಾಳೆಯಲ್ಲಿ ವಂಶವೃಕ್ಷ ಬರೆದುಕೊಂಡು ಹೋಗಿ: ಯಾರಿಗೆ, ಯಾವ ವಯಸ್ಸಿನಲ್ಲಿ, ಮೊದಲು ಏನು ಕಾಣಿಸಿತು. ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.