ದೇವದುರ್ಗದ ಬಿಸಿಲಿಗೆ ಯಾವ ಗಿಡ?

ನರ್ಸರಿಯಾಗ ಆಂಥೂರಿಯಂ ನೋಡಿ ಮನಸಾಯ್ತೇನ್ರಿ? ತಡೀರಿ. ಮೇ ತಿಂಗಳದಾಗ ದೇವದುರ್ಗ 40 ಡಿಗ್ರಿ ದಾಟ್ತದ. ನೆರಳು, ತೇವ ಬೇಡೋ ಗಿಡ ಇಲ್ಲಿ ತಾಳಂಗಿಲ್ಲ.

ಮೊದಲು ನೆಲ ನೋಡ್ರಿ. ನಮ್ಮ ಎರಿ ಮಣ್ಣು ಮಳಿಗಾಲದಾಗ ನೀರು ಹಿಡದು ಉಬ್ಬತದ, ಬ್ಯಾಸಗ್ಯಾಗ ಬಾಯಿ ಬಿಡ್ತದ. ಎಲ್ಲಾ ಗಿಡ ಬಿಸಿಲಿಗೇ ಸಾಯಂಗಿಲ್ಲ, ನೀರು ನಿಂತು ಬೇರು ಕೊಳೆತೂ ಸಾಯ್ತಾವ. ಅದಕ್ಕ ಕುಣಿಗೆ ಮರಳು, ತಿಪ್ಪಿ ಗೊಬ್ಬರ ಬೆರಸ್ರಿ. ಬುಡ ಸ್ವಲ್ಪ ಎತ್ತರ ಇರಲಿ.

ಹೂವಿಗೆ ಕಾಗದದ ಹೂವು, ಸದಾಪುಷ್ಪ, ಕಣಗಿಲ. ಹಾಂ, ಕಣಗಿಲ ವಿಷ. ಆಡು, ಮಕ್ಕಳ ಬಾಯಿಗೆ ಸಿಗಬಾರ್ದು. ಅಡಗಿಗೆ ನುಗ್ಗಿ, ಕರಿಬೇವು. ಜಾಗ ಇದ್ರ ಮನಿ ಪಡುವಣ ಬದಿಗೆ ಒಂದು ಬೇವು ಹಚ್ರಿ, ಇಳಿಹೊತ್ತಿನ ಬಿಸಿಲು ತಡೀತದ.

ಹಚ್ಚೋದು ಜೂನ್-ಜುಲೈದಾಗ, ಮಳಿ ಬಿದ್ದ ಮ್ಯಾಲ. ಬ್ಯಾಸಗಿ ಬರೂದ್ರೊಳಗ ಬೇರು ಇಳೀತಾವ.